ಹೆಸರು ಯಾರ ಕಣ್ಣಿಗೆ ಬೀಳುತ್ತದೆ?

ಸಂಘದ ಅಕ್ಕತಂಗಿಯರೇ,

ಗಂಡನ ಹೊಡೆತ ತಾಳಲಾರದೆ ಒಮ್ಮೆ ನಮ್ಮ ಬಳಿ ಬಂದಿದ್ದ ತಂಗಿಯೊಬ್ಬಳು ಈಗ ನಮ್ಮ ಸಂಘಕ್ಕೆ ತಿಂಗಳಿಗೆ 50 ರೂಪಾಯಿ ಕೊಡುತ್ತಾಳೆ. ದಾನಿಗಳ ಲೆಕ್ಕಕ್ಕೆಂದು ನಾವು ಕೊಂಡ ಸಾಫ್ಟ್‌ವೇರ್ ಅವಳಿಗೆ ವಂದನೆಯ ಸಂದೇಶವನ್ನು ತಾನಾಗಿಯೇ ಕಳಿಸಿತು. ಫೋನ್ ಗಂಡನ ಕೈಯಲ್ಲಿತ್ತು. ಆ ರಾತ್ರಿ ಅವಳಿಗೆ ಮತ್ತೆ ಏಟು ಬಿತ್ತು. ವಿಚಾರಿಸದೆ ಕೊಂಡ ತಪ್ಪು ನಮ್ಮದೇ.

ಅಂದಿನಿಂದ ನಾನು ಬೆಲೆ ಕೇಳುವ ಮೊದಲು ಇಷ್ಟು ಕೇಳುತ್ತೇನೆ. ಬೇಡವೆಂದವರಿಗೆ ಸಂದೇಶ ಹೋಗದಂತೆ ತಡೆಯಬಹುದೇ? ಯಾವ ಹೆಸರನ್ನು ಯಾರು ನೋಡಬೇಕೆಂದು ನಾವೇ ಗೊತ್ತುಮಾಡಬಹುದೇ? ಕನ್ನಡದಲ್ಲಿ ಬರೆದಿಡಬಹುದೇ? ಬಿಡುವಾಗ ಪಟ್ಟಿಯನ್ನೆಲ್ಲ ಹಿಂದಕ್ಕೆ ಪಡೆಯಬಹುದೇ?

2005ರಲ್ಲಿ ಬಂದ ಸಿವಿಸಿಆರ್‌ಎಂ ಇಂಥ ಸಂಸ್ಥೆಗಳಿಗೆಂದೇ ಮಾಡಿದ್ದು, ಪುಕ್ಕಟೆ ಸಿಗುತ್ತದೆ. ಆದರೆ ಅದನ್ನು ನಡೆಸಲು ಸರ್ವರ್ ಬೇಕು, ತಿಳಿದವರು ಬೇಕು. ಐವತ್ತು ಅರವತ್ತು ದಾನಿಗಳಿರುವ ಸಂಘಕ್ಕೆ ಬೀರುವಿನಲ್ಲಿ ಬೀಗ ಹಾಕಿಟ್ಟ ರಿಜಿಸ್ಟರೇ ಸಾಕು.

ಏನೇ ಕೊಂಡರೂ ದೂರು ಕೊಟ್ಟವರ ಪಟ್ಟಿಯನ್ನು ದೇಣಿಗೆಯ ಪಟ್ಟಿಯೊಂದಿಗೆ ಬೆರೆಸಕೂಡದು. ಕೊಳ್ಳುವ ಮುನ್ನ ಸಭೆಯಲ್ಲಿ ಎಲ್ಲರೂ ಕೂತು ಮಾತಾಡೋಣ. ನಮ್ಮನ್ನು ನಂಬಿ ಹೆಸರು ಬರೆಸಿದವಳ ರಕ್ಷಣೆ ನಮ್ಮ ಹೊಣೆ.