ಮದ್ದೂರಿನ ಜಗಲಿಯಲ್ಲೊಂದು ಕಡಲ ಕೊಳ

ನಮ್ಮ ಘಟ್ಟದ ನೆತ್ತಿಯ ಮೇಲೆ ಬೀಳುವ ಮಳೆಗೆ ಎರಡು ದಾರಿಗಳಿವೆ. ಪಡುವಣಕ್ಕೆ ಜಾರಿದ ಹನಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಬಳಿ ಅರಬ್ಬೀ ಕಡಲಿಗೆ ಇಳಿಯುತ್ತದೆ. ಮೂಡಣಕ್ಕೆ ಹರಿದ ಹನಿ ಹೇಮಾವತಿಯಾಗಿ ಗೊರೂರನ್ನು ದಾಟಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಬೆರೆತು, ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೆ ಹಾಯುತ್ತದೆ. ಈ ಎರಡು ದಾರಿಗಳ ಕಥೆ ಒಂದೇ ಎಂಬುದು ನನಗೆ ಹೊಳೆದದ್ದು ಮದ್ದೂರಿನ ಅಧ್ಯಾಪಕರೊಬ್ಬರ ಮನೆಯ ಜಗಲಿಯಲ್ಲಿ, ಒಂದು ಗಾಜಿನ ತೊಟ್ಟಿಯ ಮುಂದೆ.

ಆ ಅಧ್ಯಾಪಕರು ನನ್ನ ಹಳೆಯ ಮಿತ್ರರು. ತಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕಡಲನ್ನೇ ಕಂಡಿಲ್ಲವೆಂಬ ಕೊರಗು ಅವರಿಗಿತ್ತು. ಉಳ್ಳಾಲದ ಸೋಮೇಶ್ವರದಲ್ಲಿ, ಇಳಿತದ ಹೊತ್ತಿಗೆ ಬಂಡೆಗಳ ನಡುವೆ ಉಳಿಯುವ ಪುಟ್ಟ ಕೊಳಗಳನ್ನು ನೋಡಿ ಬಂದವರು, ಅಂಥ ಒಂದು ಬಂಡೆಕೊಳವನ್ನು ಮನೆಯಲ್ಲಿಯೇ ಕಟ್ಟಲು ಹೊರಟರು. ಮಣ್ಣು, ನೀರು, ಲವಣಗಳ ವಿಚಾರದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನೆಂದು ನನ್ನ ಸಲಹೆಯನ್ನೂ ಕೇಳಿದರು. ಆ ಸಲಹೆಯಿಂದ ಆದ ಅನಾಹುತವನ್ನು ಮುಂದೆ ಹೇಳುತ್ತೇನೆ.

ಕಟ್ಟಿದ ಬಗೆ

ಬಂಡೆಕೊಳದ ಜೀವವಿರುವುದು ಉಬ್ಬರವಿಳಿತದಲ್ಲಿ. ನಮ್ಮ ಕರಾವಳಿಯಲ್ಲಿ ಕಡಲು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಇದನ್ನು ಅನುಕರಿಸಲು ಅಧ್ಯಾಪಕರು ಒಂದರ ಮೇಲೊಂದು ಎರಡು ತೊಟ್ಟಿಗಳನ್ನಿಟ್ಟರು. ಕೆಳಗಿನದು ಕಡಲು, ಮೇಲಿನದು ಕೊಳ. ಸಮಯ ನಿಗದಿಪಡಿಸುವ ಸ್ವಿಚ್ಚಿಗೆ ಜೋಡಿಸಿದ ಸಣ್ಣ ಪಂಪು ಆರು ಗಂಟೆ ನಡೆದು ಆರು ಗಂಟೆ ನಿಲ್ಲುತ್ತದೆ. ನಡೆಯುವಾಗ ಮೇಲಿನ ತೊಟ್ಟಿ ತುಂಬಿ, ಹೆಚ್ಚಾದ ನೀರು ಅಂಚಿನ ಕೊಳವೆಯಿಂದ ಕೆಳಗಿಳಿಯುತ್ತದೆ. ನಿಂತಾಗ, ಪಕ್ಕದಲ್ಲಿ ಕೊರೆದ ರಂಧ್ರದ ಮಟ್ಟದವರೆಗೆ ನೀರು ಮೆಲ್ಲಗೆ ಬಸಿದು ಬಂಡೆಗಳ ತಲೆ ಬಯಲಾಗುತ್ತದೆ. ಬಂಡೆಗಳು ಮಂಡ್ಯ ಸೀಮೆಯ ಗಟ್ಟಿ ಕರಿಕಲ್ಲುಗಳೇ. ತಳಕ್ಕೆ ಚೆನ್ನಾಗಿ ತೊಳೆದ ಚಿಪ್ಪಿನ ಪುಡಿ. ಅದು ನೀರು ಹುಳಿಯಾಗದಂತೆ ತಡೆಯುತ್ತದೆ.

ಇನ್ನು ನೀರು. ಒಂದು ಲೀಟರ್ ಕಡಲ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣವಿರುತ್ತದೆ. ಅದರಲ್ಲಿ ಬಹುಪಾಲು ಅಡುಗೆ ಉಪ್ಪೇ ಆದರೂ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳೂ ನಿಯತ ಪ್ರಮಾಣದಲ್ಲಿ ಸೇರಿವೆ. ಕ್ಯಾಲ್ಸಿಯಂ ಇಲ್ಲದೆ ಬಸವನಹುಳು ಚಿಪ್ಪು ಕಟ್ಟಲಾರದು. ಆದುದರಿಂದ ಅಡುಗೆ ಉಪ್ಪನ್ನು ಕಲಸಿದರೆ ಉಪ್ಪುನೀರಾದೀತೇ ಹೊರತು ಕಡಲ ನೀರಾಗದು. ಇದಕ್ಕೆಂದೇ ದೊರೆಯುವ ಕಡಲ ಲವಣದ ಮಿಶ್ರಣವನ್ನು ಬಳಸಬೇಕು. ಕರಗಿಸಲು ಕೊಳವೆಬಾವಿಯ ಗಡಸು ನೀರಿಗಿಂತ, ಮೊದಲ ಮಳೆಗಳಲ್ಲಿ ಮಾಡು ತೊಳೆದುಹೋದ ಮೇಲೆ ಹಿಡಿದ ಮಳೆನೀರು ಲೇಸು.

ನೀರು ಸಿದ್ಧವಾದೊಡನೆ ಜೀವಿಗಳನ್ನು ಬಿಡಲಾಗದು. ಅವುಗಳ ವಿಸರ್ಜನೆಯಿಂದ ಹುಟ್ಟುವ ಅಮೋನಿಯಾ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತದೆ. ಯೂರಿಯಾ ಎರಚಿದ ಹೊಲದ ಮಣ್ಣಿನಲ್ಲಿ ನಡೆಯುವುದೂ ಇದೇ ಕ್ರಿಯೆ. ಈ ಅದೃಶ್ಯ ಆಳುಗಳು ಕಲ್ಲಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ಕಾದ ನಂತರವೇ ಅಧ್ಯಾಪಕರ ಕೊಳಕ್ಕೆ ನಾಲ್ಕು ಬಸವನಹುಳುಗಳು, ಖಾಲಿ ಶಂಖದಲ್ಲಿ ಬಿಡಾರ ಹೂಡುವ ಎರಡು ಸನ್ಯಾಸಿ ಏಡಿಗಳು, ಒಂದು ಕಡಲ ಹೂವು, ಬೆರಳುದ್ದದ ಎರಡು ಮೀನುಗಳು ಬಂದವು. ಮಕ್ಕಳು ಸರತಿಯಲ್ಲಿ ಬಂದು ನೋಡತೊಡಗಿದರು.

ನನ್ನ ತಪ್ಪು

ಬೇಸಿಗೆ ಬಂತು. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ತಂಪಾಗಲೆಂದು ಅಧ್ಯಾಪಕರು ಸಣ್ಣ ಫ್ಯಾನೊಂದನ್ನು ಇಟ್ಟರು. ತಂಪೇನೋ ಆಯಿತು, ಆದರೆ ನೀರು ದಿನಕ್ಕೆ ಒಂದೂವರೆ ಲೀಟರ್ ಆವಿಯಾಗತೊಡಗಿತು. ದೂರವಾಣಿಯಲ್ಲಿ ಕೇಳಿದಾಗ, ‘ಕಡಿಮೆಯಾದಷ್ಟು ತುಂಬಿಸಿ’ ಎಂದೆ. ಯಾವ ನೀರನ್ನು ಎಂದು ಹೇಳಲಿಲ್ಲ. ಅವರು ಸಿದ್ಧಪಡಿಸಿಟ್ಟಿದ್ದ ಉಪ್ಪುನೀರನ್ನು ತುಂಬಿಸಿದರು.

ಲೆಕ್ಕ ಸರಳ. ಎರಡೂ ತೊಟ್ಟಿಗಳಲ್ಲಿದ್ದ ನೀರು 60 ಲೀಟರ್, ಅದರಲ್ಲಿದ್ದ ಲವಣ 2,100 ಗ್ರಾಂ. ಹತ್ತು ದಿನಗಳಲ್ಲಿ ಹೋದದ್ದು 15 ಲೀಟರ್ ಬರಿಯ ನೀರು. ಬಂದದ್ದು 15 ಲೀಟರ್ ನೀರಿನೊಡನೆ 525 ಗ್ರಾಂ ಲವಣ. ಲೀಟರಿಗೆ 35 ಗ್ರಾಂ ಇದ್ದದ್ದು 44 ಗ್ರಾಂ ಸಮೀಪಕ್ಕೆ ಏರಿತು. ನೀರಿನ ಮಟ್ಟ ಮಾತ್ರ ಸರಿಯಾಗಿಯೇ ಕಾಣುತ್ತಿತ್ತು. ಕಡಲ ಹೂವು ಮುದುಡಿತು, ಎರಡೂ ಮೀನುಗಳು ಸತ್ತವು. ಅವನ್ನು ಹಿತ್ತಲಲ್ಲಿ ಹೂಳಿದ ಮಕ್ಕಳಲ್ಲಿ ಒಬ್ಬಳು ನಾನು ಹೋದಾಗ ಕೇಳಿದಳು: ‘ನೀರು ತುಂಬಾನೇ ಇತ್ತಲ್ಲ ಸಾರ್, ಮೀನು ಯಾಕೆ ಸತ್ತೋದ್ವು?’

ಆವಿಯಾಗುವುದು ನೀರು, ಉಳಿಯುವುದು ಉಪ್ಪು. ಇದನ್ನು ರೈತರಿಗೆ ಹೇಳುವುದೇ ನನ್ನ ವೃತ್ತಿ. ಗಾಜಿನ ತೊಟ್ಟಿಯ ಮುಂದೆ ನಾನೇ ಅದನ್ನು ಮರೆತಿದ್ದೆ. ತುಂಬಿಸಬೇಕಾದದ್ದು ಸಿಹಿನೀರು.

ಕಡಲಂಚಿನ ನಿಜವಾದ ಬಂಡೆಕೊಳವೂ ನಡುಹಗಲಲ್ಲಿ ಕಾದು ಉಪ್ಪೇರುತ್ತದೆ. ಆದರೆ ಕೆಲವು ಗಂಟೆಗಳಲ್ಲಿ ಉಬ್ಬರ ಬಂದು ಹಳೆಯ ನೀರನ್ನು ಕೊಚ್ಚಿ ಹೊಸತನ್ನು ತುಂಬುತ್ತದೆ. ನಮ್ಮ ತೊಟ್ಟಿಯಲ್ಲಿ ಉಬ್ಬರವಿಳಿತದ ಆಟವಿತ್ತೇ ಹೊರತು ಹೊರದಾರಿ ಇರಲಿಲ್ಲ. ಅದೇ ನೀರು ಮೇಲಕ್ಕೂ ಕೆಳಕ್ಕೂ ಸುತ್ತುತ್ತಿತ್ತು.

ಗದ್ದೆಗೆ ಉಬ್ಬರವಿಳಿತವೆಲ್ಲಿ?

ಆ ಬಾಲಕಿಯ ಪ್ರಶ್ನೆಯನ್ನು ಹೊತ್ತುಕೊಂಡೇ ಮರುದಿನ ಮಳವಳ್ಳಿಯ ಕಡೆಗೆ ಹೋದೆ. ನಾಲೆಯ ಕೆಳಗಿನ ತಗ್ಗಿನಲ್ಲಿ ಒಂದು ಗದ್ದೆ. ಭತ್ತ ಕೊಯ್ದ ನೆಲದ ಮೇಲೆ ಅಲ್ಲಲ್ಲಿ ಬಿಳಿಯ ಪದರ, ಹೆಜ್ಜೆಯಿಟ್ಟರೆ ಅಡಿಯಲ್ಲಿ ಜವುಗು. ಯಜಮಾನರು ಹೇಳಿದ್ದು ಒಂದೇ ಮಾತು: ‘ನೀರು ಬರೋಕೆ ದಾರಿ ಮಾಡವ್ರೆ ಸ್ವಾಮಿ, ಹೋಗೋಕೆ ದಾರಿ ಇಲ್ಲ.’

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. ಅಂದು ಇರ್ವಿನ್ ನಾಲೆ ಎನಿಸಿಕೊಂಡಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯ ನೀರು ರಾಗಿಯ ಹೊಲಗಳಿಗೆ ಭತ್ತವನ್ನೂ ಕಬ್ಬನ್ನೂ ತಂದಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆ ನೀರಿನಿಂದ ಲಕ್ಷಾಂತರ ಜನರ ಬದುಕು ಹಸನಾಯಿತೆಂಬುದನ್ನು ಅಲ್ಲಗಳೆಯುವ ಹಕ್ಕು ಯಾವ ಪರಿಸರವಾದಿಗೂ ಇಲ್ಲ. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ಓದಬೇಕು. ಲೀಟರಿಗೆ ಕಾಲು ಗ್ರಾಂ ಲವಣವಿರುವ ನೀರು ನಾಲಿಗೆಗೆ ಸಿಹಿಯೇ. ಅಂಥ ನೀರನ್ನು ಒಂದು ಎಕರೆಗೆ ಒಂದು ಮೀಟರ್ ಆಳದಷ್ಟು ಹರಿಸಿದರೆ ನೀರಿನೊಡನೆ ಸುಮಾರು ಒಂದು ಟನ್ ಲವಣ ಆ ಎಕರೆಗೆ ಬಂದಿರುತ್ತದೆ. ಬೆಳೆ ನೀರನ್ನು ಕುಡಿಯುತ್ತದೆ. ಲವಣದಲ್ಲಿ ಅಲ್ಪ ಭಾಗವನ್ನಷ್ಟೇ ಹೀರುತ್ತದೆ. ಉಳಿದುದು ಮಳೆಗೋ ಬಸಿಯುವ ನೀರಿಗೋ ಸಿಕ್ಕಿ ಹೊರಹೋಗಬೇಕು. ಹೋಗದಿದ್ದರೆ ಅಂತರ್ಜಲ ಮೇಲೇರಿ, ಬಿಸಿಲಿಗೆ ಆವಿಯಾಗಿ, ನೆಲದ ಮೇಲೆ ಉಪ್ಪು ಬಿಡುತ್ತದೆ. ಅದೇ ಚೌಳು.

ಆದುದರಿಂದ ನನ್ನ ಅಭಿಪ್ರಾಯವಿದು. ಬಂಡೆಕೊಳಕ್ಕೆ ಉಬ್ಬರವಿಳಿತ ಹೇಗೋ ಗದ್ದೆಗೆ ಬಸಿಗಾಲುವೆ ಹಾಗೆ. ನಾಲೆಯ ಹೂಳೆತ್ತುವುದಕ್ಕೆ, ದಂಡೆಗೆ ಕಾಂಕ್ರೀಟ್ ಹಾಕುವುದಕ್ಕೆ ಕೂಗುವ ನಾವು, ಹೂಳು ತುಂಬಿ, ಜೊಂಡು ಬೆಳೆದು, ಒತ್ತುವರಿಯಾಗಿ ಕಣ್ಮರೆಯಾಗುತ್ತಿರುವ ಬಸಿಗಾಲುವೆಗಳಿಗಾಗಿ ಕೂಗುವುದಿಲ್ಲ. ಚೌಳಿಗೆ ಜಿಪ್ಸಂ ಹಾಕಿ ಎಂದು ನಾವು ವಿಜ್ಞಾನಿಗಳು ಹೇಳುತ್ತೇವೆ. ಬಸಿಯಲು ದಾರಿಯಿಲ್ಲದ ಗದ್ದೆಗೆ ಜಿಪ್ಸಂ ಹಾಕುವುದು, ಹೊರದಾರಿಯಿಲ್ಲದ ತೊಟ್ಟಿಗೆ ನೀರು ತುಂಬಿಸಿದಂತೆಯೇ. ಮೊದಲು ಬಸಿಗಾಲುವೆ, ಆಮೇಲೆ ಜಿಪ್ಸಂ, ಹಸುರೆಲೆ ಗೊಬ್ಬರ. ನಾಲೆಯ ತಲೆಯಲ್ಲಿರುವವರು ಹಿಡಿತದಿಂದ ನೀರು ಕಟ್ಟಿದರೆ ಅವರ ನೆಲವೂ ಉಳಿದೀತು, ಕೊನೆಯ ಭಾಗದವರಿಗೂ ನೀರು ತಲುಪೀತು.

ತೊಟ್ಟಿ ಕಟ್ಟುವವರಿಗೊಂದು ಮಾತು

ಉಪ್ಪುನೀರಿನ ತೊಟ್ಟಿಗಳ ಮೋಹ ಈಗ ಒಳನಾಡಿನ ಪಟ್ಟಣಗಳಿಗೂ ಹಬ್ಬಿದೆ. ನಮ್ಮ ವಿದ್ಯಾರ್ಥಿಗಳಿಗೂ ಆಸೆ ಹುಟ್ಟಿದ್ದರೆ ಮೂರು ಸಂಗತಿಗಳನ್ನು ನೆನಪಿಡಲಿ.

ಒಂದು: ಹವಳ, ಹವಳದ ತುಂಡು, ಕಡಲಕುದುರೆ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ 2001ರಲ್ಲಿ ಇವು ಸೇರಿದವು. ತೆಗೆಯುವುದೂ ಮಾರುವುದೂ ಅಪರಾಧ. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಉಳಿದಿರುವ ಹವಳ ಅಲ್ಲಿಯೇ ಇರಲಿ.

ಎರಡು: ದಂಡೆಯಿಂದ ಖಾಲಿ ಶಂಖಗಳನ್ನು ಚೀಲ ತುಂಬಿ ತರಬೇಡಿ. ನಮಗೆ ಅದು ಅಲಂಕಾರ; ಬೆಳೆಯುತ್ತಿರುವ ಸನ್ಯಾಸಿ ಏಡಿಗೆ ಮುಂದಿನ ಮನೆ. ಸಾಮಾನ್ಯ ಜೀವಿಗಳನ್ನೂ ಬೆರಳೆಣಿಕೆಯಷ್ಟೇ ತನ್ನಿ. ಬೇಸರ ಬಂದಾಗ ಮತ್ತೆ ಕಡಲಿಗೆ ಬಿಟ್ಟರಾಯಿತೆಂಬ ಲೆಕ್ಕವೂ ಸಲ್ಲದು. ತೊಟ್ಟಿಯ ರೋಗಗಳೂ ಅವುಗಳ ಜೊತೆ ಹೋಗುತ್ತವೆ.

ಮೂರು: ತೆಗೆದ ಉಪ್ಪುನೀರನ್ನು ಚರಂಡಿಗೂ ಹಿತ್ತಲಿಗೂ ಚೆಲ್ಲಬೇಡಿ. ವಾರಕ್ಕೆ ಆರು ಲೀಟರ್ ಬದಲಿಸಿದರೆ ವರ್ಷಕ್ಕೆ ಸುಮಾರು 11 ಕಿಲೋ ಲವಣ ಹೊರಬರುತ್ತದೆ. ಮದ್ದೂರಿನ ಚರಂಡಿಯ ದಾರಿ ಶಿಂಷೆಯ ಕಡೆಗೆ. ಅಧ್ಯಾಪಕರು ಈಗ ಆ ನೀರನ್ನು ಅಗಲ ತಟ್ಟೆಗಳಲ್ಲಿ ಬಿಸಿಲಿಗಿಟ್ಟು, ಉಳಿದ ಉಪ್ಪನ್ನು ಚೀಲಕ್ಕೆ ತುಂಬಿಡುತ್ತಾರೆ. ಮಕ್ಕಳೊಡನೆ ಕರಾವಳಿಗೆ ಹೋಗುವಾಗ ಆ ಚೀಲವೂ ಹೋಗುತ್ತದೆ.

ಮಲೆನಾಡಿನವರಾದ ನಮಗೆ ಇದೆಲ್ಲ ದೂರದ ಸುದ್ದಿಯಲ್ಲ. ಇಲ್ಲಿ ಗುಡ್ಡ ಕಡಿದು ರಸ್ತೆ ಮಾಡಿದಾಗ ಜಾರುವ ಕೆಮ್ಮಣ್ಣು ಒಂದು ಕಡೆ ಜಲಾಶಯದ ತಳಕ್ಕೆ ಇಳಿಯುತ್ತದೆ, ಇನ್ನೊಂದು ಕಡೆ ಕಡಲಂಚಿನ ಬಂಡೆಗಳ ಜೀವಿಗಳ ಮೇಲೆ ಕೂರುತ್ತದೆ. ಬಸಿಗಾಲುವೆಯ ಬೆಲೆಯನ್ನಂತೂ ನಮಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಹಿರಿಯರು ಅಡಿಕೆ ಸಸಿ ನೆಡುವ ಮುಂಚೆಯೇ ತೋಟದಲ್ಲಿ ಬಸಿಗಾಲುವೆ ತೆಗೆಯುತ್ತಿದ್ದರು. ನೀರನ್ನು ತರುವುದಕ್ಕಿಂತ ಕಳಿಸುವುದು ಮುಖ್ಯವೆಂದು ತಿಳಿದಿದ್ದ ನಾವು, ಕೆಳಗಿನವರ ಬಸಿಗಾಲುವೆಗಳ ಪರವಾಗಿಯೂ ಮಾತನಾಡಬೇಕು. ನಮ್ಮ ಮಳೆಯನ್ನೇ ಅವರು ಉಣ್ಣುತ್ತಿದ್ದಾರೆ.

ಮದ್ದೂರಿನ ಕೊಳ ಮತ್ತೆ ಚೇತರಿಸಿಕೊಂಡಿದೆ. ಹೊಸ ಮೀನು ತಂದಿಲ್ಲ. ಬೇಡವೆಂದು ಮಕ್ಕಳೇ ತೀರ್ಮಾನಿಸಿದರು. ತೊಟ್ಟಿಯ ಪಕ್ಕದಲ್ಲಿ ಒಂದು ನೋಟುಪುಸ್ತಕವಿದೆ. ದಿನವೂ ಅದರಲ್ಲಿ ಎರಡು ಸಾಲು ಬರೆಯುತ್ತಾರೆ: ಇಂದು ಬಂದದ್ದು, ಇಂದು ಹೋದದ್ದು. ಅಂಥದೊಂದು ಪುಸ್ತಕ ನಾಲೆಯ ಪ್ರತಿಯೊಂದು ತೂಬಿನ ಬಳಿಯೂ ಇರಬೇಕಾಗಿತ್ತು. ಇನ್ನಾದರೂ ಇಡೋಣ.