ಚಿತ್ರವನ್ನು ಓದುವ ಬಗೆ

ಅಕ್ಷರಗಳನ್ನು ಓದುವುದನ್ನು ಶಾಲೆ ಕಲಿಸುತ್ತದೆ. ಚಿತ್ರವನ್ನು ಓದಲು ಮಾತ್ರ ಕಣ್ಣಿದ್ದರೆ ಸಾಕೆಂಬ ಭಾವನೆ ಜನರಲ್ಲಿ ಬೇರೂರಿದೆ. ಇದು ಸರಿಯಲ್ಲ. ಭಿತ್ತಿಪತ್ರ, ಪುಸ್ತಕದ ಹೊದಿಕೆ, ಜಾಹೀರಾತು, ನಕ್ಷೆ ಇವೆಲ್ಲವೂ ರೇಖೆ, ಆಕಾರ, ಬಣ್ಣ, ಅಕ್ಷರ, ಖಾಲಿ ಜಾಗ ಎಂಬ ಕೆಲವೇ ಅಂಗಗಳಿಂದ ಆದವು. ಇವುಗಳ ಜೋಡಣೆಯಿಂದಲೇ ಒತ್ತು, ಸಮತೋಲ, ವೈದೃಶ್ಯ ಮೊದಲಾದ ಪರಿಣಾಮಗಳು ಹುಟ್ಟುತ್ತವೆ. ಅವುಗಳನ್ನು ಗುರುತಿಸಬಲ್ಲ ಶಕ್ತಿ ಪ್ರತಿಯೊಬ್ಬ ಪ್ರಜೆಗೂ ಅಗತ್ಯ.

ಲಂಡನ್ ನಗರದ ನೆಲದಡಿಯ ರೈಲುಮಾರ್ಗಗಳ ನಕ್ಷೆ ಇದಕ್ಕೆ ಉತ್ತಮ ನಿದರ್ಶನ. ಹಿಂದಿನ ನಕ್ಷೆಗಳಲ್ಲಿ ಮಾರ್ಗಗಳು ಅಂಕುಡೊಂಕಾಗಿದ್ದವು. ನಗರದ ನಡುವಣ ನಿಲ್ದಾಣಗಳು ಕಿಕ್ಕಿರಿದು ಕಣ್ಣಿಗೆ ಗೊಂದಲವನ್ನುಂಟುಮಾಡುತ್ತಿದ್ದವು. 1931ರಲ್ಲಿ ಹ್ಯಾರಿ ಬೆಕ್ ಎಂಬ ನಕ್ಷೆಗಾರನು ಹೊಸದೊಂದನ್ನು ರಚಿಸಿದನು. ಅಡ್ಡ, ಲಂಬ ಮತ್ತು 45 ಡಿಗ್ರಿಯ ಓರೆ ರೇಖೆಗಳಷ್ಟೇ ಅದರಲ್ಲಿದ್ದವು. ಒಂದೊಂದು ಮಾರ್ಗಕ್ಕೂ ಒಂದೊಂದು ಬಣ್ಣವಿತ್ತು. ನಗರದ ನಡುಭಾಗವನ್ನು ಅವನು ಹಿಗ್ಗಿಸಿ, ಹೊರವಲಯವನ್ನು ಕುಗ್ಗಿಸಿದನು. ಬೀದಿಗಳನ್ನೆಲ್ಲ ಕೈಬಿಟ್ಟು, ಥೇಮ್ಸ್ ನದಿಯೊಂದನ್ನು ಉಳಿಸಿಕೊಂಡನು. ಅಧಿಕಾರಿಗಳು ಮೊದಲು ಇದನ್ನು ಒಪ್ಪಲಿಲ್ಲ. ಆದರೆ 1933ರಲ್ಲಿ ಅದು ಅಚ್ಚಾಗಿ ಬಂದಾಗ ಜನರು ಆದರದಿಂದ ಸ್ವೀಕರಿಸಿದರು.

ದೂರವನ್ನು ತಪ್ಪಾಗಿ ತೋರಿಸುವ ನಕ್ಷೆ ಸುಳ್ಳಲ್ಲವೇ ಎಂದು ಕೆಲವರು ಕೇಳಬಹುದು. ನೆಲದಡಿಯ ಪ್ರಯಾಣಿಕನಿಗೆ ಬೇಕಾದುದು ಎಲ್ಲಿ ಹತ್ತಬೇಕು, ಎಲ್ಲಿ ರೈಲು ಬದಲಿಸಬೇಕು, ಎಲ್ಲಿ ಇಳಿಯಬೇಕು ಎಂಬ ತಿಳಿವಳಿಕೆ. ಅಷ್ಟರ ಮಟ್ಟಿಗೆ ಆ ನಕ್ಷೆ ಸತ್ಯವನ್ನೇ ಹೇಳುತ್ತದೆ. ಆದರೆ ಅದನ್ನೇ ನಂಬಿ ನಡೆಯಹೊರಟವನು ಮೋಸಹೋಗುತ್ತಾನೆ. ಲೆಸ್ಟರ್ ಸ್ಕ್ವೇರ್ ಮತ್ತು ಕಾವೆಂಟ್ ಗಾರ್ಡನ್ ನಿಲ್ದಾಣಗಳ ನಡುವಿನ ಅಂತರ 300 ಮೀಟರಿಗಿಂತ ಕಡಿಮೆ. ಅದನ್ನು ಆ ನಕ್ಷೆ ತಿಳಿಸುವುದಿಲ್ಲ. 2009ರಲ್ಲಿ ನದಿಯ ಗೆರೆಯನ್ನೂ ತೆಗೆದುಹಾಕಿದಾಗ ಜನರು ಪ್ರತಿಭಟಿಸಿದರು. ಅದನ್ನು ಮರಳಿ ಸೇರಿಸಬೇಕಾಯಿತು. ದಿಕ್ಕು ತಿಳಿಯಲು ಅದೊಂದೇ ಗೆರೆ ಅವರಿಗೆ ಆಧಾರವಾಗಿತ್ತು.

ಹಿಗ್ಗಿಸುವ, ಕುಗ್ಗಿಸುವ, ಕೈಬಿಡುವ ಇದೇ ಉಪಾಯಗಳನ್ನು ಜಾಹೀರಾತೂ ಬಳಸುತ್ತದೆ. ಬೆಲೆಯ ರಿಯಾಯಿತಿ ಕೆಂಪು ಬಣ್ಣದ ದಪ್ಪ ಅಕ್ಷರಗಳಲ್ಲಿ ಮೆರೆಯುತ್ತದೆ. ಅದರ ಕರಾರು ಮೂಲೆಯ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ. ಬೆಕ್‌ನ ನಕ್ಷೆಯಲ್ಲಿ ನೋಡುವವನ ಹಿತವಿತ್ತು. ಇಲ್ಲಿರುವುದು ಮಾರುವವನ ಹಿತ. ಸಾಧನ ಒಂದೇ, ಉದ್ದೇಶ ಬೇರೆ. ಆದ್ದರಿಂದ ಯಾವುದು ಹಿರಿದಾಗಿದೆ, ಯಾವುದು ಕಿರಿದಾಗಿದೆ, ಯಾವುದನ್ನು ಬಿಡಲಾಗಿದೆ, ಇದರಿಂದ ಯಾರಿಗೆ ಪ್ರಯೋಜನ ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರತಿಯೊಂದು ಚಿತ್ರಕ್ಕೂ ಕೇಳುವುದು ಒಳ್ಳೆಯದು. ಹೀಗೆ ಕೇಳಬಲ್ಲವನೇ ನಿಜವಾದ ಓದುಗ.