ಕೋವಿಯ ಅಂಗಡಿಗೆ ಯಾವ ಗುರುತು?

ತಿಪಟೂರಿನ ವಾಚಕರೊಬ್ಬರು ಈ ಅಂಕಣಕ್ಕೆ ಹೀಗೆ ಬರೆದಿರುತ್ತಾರೆ. ಅವರ ತಮ್ಮನಿಗೆ ಕೋವಿ ಮತ್ತು ತೋಟಾಗಳನ್ನು ಮಾರುವ ಲೈಸೆನ್ಸು ದೊರೆತಿದೆ. ಪೇಟೆಯಲ್ಲಿ ಒಂದು ಚಿಕ್ಕ ಮಳಿಗೆಯನ್ನು ಬಾಡಿಗೆಗೆ ಹಿಡಿದಿದ್ದಾಗಿದೆ. ಬೋರ್ಡು ಬರೆಯುವವನು ಮೂರು ಚಿತ್ರಗಳನ್ನು ತಂದು ತೋರಿಸಿದ್ದಾನೆ. ಒಂದರಲ್ಲಿ ಬಾಯ್ದೆರೆದ ಹುಲಿ, ಇನ್ನೊಂದರಲ್ಲಿ ಕತ್ತರಿಯಾಕಾರವಾಗಿ ಇಟ್ಟ ಎರಡು ಕೋವಿಗಳು, ಮೂರನೆಯದರಲ್ಲಿ ತಲೆಬುರುಡೆ. ತಮ್ಮನಿಗೆ ತಲೆಬುರುಡೆಯೇ ಮೆಚ್ಚಿಕೆಯಾಗಿದೆ. ಮನೆಯ ಹೆಂಗಸರಾದರೋ, ಮನೆತನದ ಹೆಸರಿನ ಮೇಲೆ ಅಂಥದು ಕೂಡದೆಂದು ಹಟ ಹಿಡಿದಿದ್ದಾರೆ. ಇವುಗಳಲ್ಲಿ ಯಾವುದು ಉತ್ತಮವೆಂಬುದು ಪ್ರಶ್ನೆ.

ಹೆಂಗಸರ ಮಾತೇ ಸರಿ. ಅಷ್ಟೇ ಅಲ್ಲ, ಉಳಿದೆರಡು ಚಿತ್ರಗಳೂ ಬೇಡವೆಂದು ನಮ್ಮ ಅಭಿಪ್ರಾಯ.

ಅಂಗಡಿಯ ಗುರುತು ಎಲ್ಲಿ ವಾಸಮಾಡುತ್ತದೆಂಬುದನ್ನು ಮೊದಲು ಯೋಚಿಸಬೇಕು. ಬೋರ್ಡಿನ ಮೇಲೆ ಅದು ದಾರಿಹೋಕರಿಗೆ ಕಂಡೀತು, ನಿಜ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಇಂತಹ ಅಂಗಡಿಗೆ ಬರತಕ್ಕವರು ತೋಟದವರು. ಬೆಳೆಯ ರಕ್ಷಣೆಗೋ ಒಂಟಿಮನೆಯ ಕಾವಲಿಗೋ ಲೈಸೆನ್ಸು ಪಡೆದ ಗೃಹಸ್ಥರು. ಅವರು ಕೊಂಡ ತೋಟಾಗಳ ಲೆಕ್ಕವು ಅವರ ಲೈಸೆನ್ಸಿನಲ್ಲಿ ದಾಖಲಾಗುತ್ತದೆ. ರಸೀದಿಯು ಅದೇ ಲಕೋಟೆಯಲ್ಲಿ ಸೇರಿ, ಬೀರುವಿನೊಳಗೆ ತೋಟದ ಪತ್ರಗಳ ಜೊತೆಗೆ ವರುಷಗಟ್ಟಲೆ ಇರುತ್ತದೆ. ತಪಾಸಣೆಗೆ ಬಂದ ಅಧಿಕಾರಿಯ ಕೈಗೂ ಅದೇ ಕಾಗದ ಹೋಗುವುದು. ಅಲ್ಲಿ ತಲೆಬುರುಡೆಯು ಹಲ್ಲು ಕಿರಿಯುತ್ತಿದ್ದರೆ ಕೊಂಡವನಿಗಾಗಲಿ ಮಾರಿದವನಿಗಾಗಲಿ ಏನು ಗೌರವ? ಕೋವಿಯು ಕೊಲ್ಲಬಲ್ಲುದೆಂಬುದನ್ನು ಯಾರಿಗೂ ಚಿತ್ರ ಬರೆದು ತಿಳಿಸಬೇಕಾಗಿಲ್ಲ. ಅದನ್ನು ಮಾರುವವನು ಎಚ್ಚರದ ಮನುಷ್ಯನೇ ಎಂಬುದೊಂದೇ ಗಿರಾಕಿಯು ತಿಳಿಯಬೇಕಾದದ್ದು.

ಹುಲಿಯ ವಿಷಯವನ್ನು ಬೇಗ ಮುಗಿಸಬಹುದು. ಶಿಕಾರಿಯ ಕಾಲ ಕಳೆದುಹೋಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾನೂನು ಬಂದಿತು. ಮರುವರುಷವೇ ನಮ್ಮ ಬಂಡೀಪುರವು ಹುಲಿಗಳ ರಕ್ಷಿತಾರಣ್ಯಗಳಲ್ಲಿ ಒಂದಾಯಿತು. ಕೋವಿಯ ಅಂಗಡಿಯ ಮೇಲೆ ಹುಲಿಯನ್ನೋ ಕೊಂಬಿನ ಜಿಂಕೆಯನ್ನೋ ಬರೆಯಿಸುವುದು ಗಿರಾಕಿಯನ್ನು ಅಪರಾಧಕ್ಕೆ ಕರೆದಂತೆಯೇ ಸರಿ.

ಇನ್ನು ಎರಡು ಕೋವಿಗಳು. ಇದರಲ್ಲಿ ತಪ್ಪೇನೆಂದು ಅನೇಕರಿಗೆ ತೋರಬಹುದು. ಬಿ.ಎಸ್.ಎ. ಸೈಕಲ್ಲನ್ನು ನೋಡದ ಮನೆ ನಮ್ಮಲ್ಲಿ ವಿರಳ. ಆ ಮೂರು ಅಕ್ಷರಗಳು ಬರ್ಮಿಂಗ್‌ಹ್ಯಾಮ್ ನಗರದ ಕೋವಿ ತಯಾರಕರು 1861ರಲ್ಲಿ ಕೂಡಿ ಕಟ್ಟಿದ ಕಂಪೆನಿಯ ಹೆಸರಿನವು. ಅದರ ಮುದ್ರೆಯು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕುಗಳು. ಕೋವಿಯಿಂದ ಸೈಕಲ್ಲಿಗೂ ಸೈಕಲ್ಲಿನಿಂದ ಮೋಟಾರು ಸೈಕಲ್ಲಿಗೂ ಕಂಪೆನಿಯು ಹೋದಾಗ ಮುದ್ರೆಯೂ ಜೊತೆಗೇ ಹೋಯಿತು. ರಾಯಲ್ ಎನ್‌ಫೀಲ್ಡ್ ಮೋಟಾರು ಸೈಕಲ್ಲಿನವರ ಹಳೆಯ ಮುದ್ರೆಯು ಒಂದು ಫಿರಂಗಿ; ತಮ್ಮ ಗಾಡಿಯು ಕೋವಿಯಂತೆ ಗಟ್ಟಿಯಾಗಿ ಮಾಡಿದ್ದೆಂಬುದು ಅವರ ಹೆಮ್ಮೆ. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಸೈಕಲ್ಲಿನ ಮೇಲೆ ಕೋವಿಯ ಚಿತ್ರವಿದ್ದರೆ ಅದು ಆ ಸೈಕಲ್ಲನ್ನು ಮಿಕ್ಕ ಸೈಕಲ್ಲುಗಳಿಂದ ಬೇರ್ಪಡಿಸುತ್ತದೆ. ಕೋವಿಯ ಅಂಗಡಿಯ ಮೇಲೆ ಕೋವಿಯ ಚಿತ್ರವಿದ್ದರೆ ಅದು ಇದು ಕೋವಿಯ ಅಂಗಡಿಯೆಂದಷ್ಟೇ ಹೇಳುವುದು, ಯಾರ ಅಂಗಡಿಯೆಂದು ಹೇಳಲಾರದು. ಕಾನೂನಿನ ದೃಷ್ಟಿಯೂ ಬಹುಮಟ್ಟಿಗೆ ಇದೇ. 1999ರ ವ್ಯಾಪಾರ ಮುದ್ರೆಗಳ ಕಾನೂನಿನ 9ನೆಯ ಕಲಮಿನಂತೆ, ಸರಕಿನ ಜಾತಿಯನ್ನು ಮಾತ್ರ ಸೂಚಿಸುವ ಗುರುತಿಗೆ ಸಾಮಾನ್ಯವಾಗಿ ರಿಜಿಸ್ಟ್ರಿಯಿಲ್ಲ.

ಹಾಗಾದರೆ ಒಳ್ಳೆಯ ಗುರುತೆಂದರೆ ಯಾವುದು? ನಮ್ಮ ಸೀಮೆಯಲ್ಲಿಯೇ ಹುಟ್ಟಿದ ಮೈಸೂರು ಸ್ಯಾಂಡಲ್ ಸಾಬೂನಿನ ಪೆಟ್ಟಿಗೆಯನ್ನು ತೆಗೆದು ನೋಡಿರಿ. ಅದರ ಮೇಲೆ ಗಂಧದ ಮರವಿದ್ದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅಲ್ಲಿರುವುದು ಆನೆಯ ತಲೆಯೂ ಸಿಂಹದ ಮೈಯೂ ಉಳ್ಳ ಶರಭ. ಸಾಬೂನಿಗೂ ಅದಕ್ಕೂ ಸಂಬಂಧವಿಲ್ಲ. ಆದುದರಿಂದಲೇ ಒಮ್ಮೆ ಕಂಡವರು ಮರೆಯರು, ಬೇರೆಯವರು ತಮ್ಮದೆಂದು ಹೇಳಿಕೊಳ್ಳಲಾರರು.

ಶರಭವನ್ನು ಹೊಗಳಿದೆವೆಂದು ಗಂಡಭೇರುಂಡದ ಕಡೆಗೆ ಕೈ ಚಾಚಬಾರದು. ಅದು ರಾಜ್ಯ ಸರಕಾರದ ಲಾಂಛನದಲ್ಲಿರುವ ಪಕ್ಷಿ. ಸರಕಾರದ ಲಾಂಛನಗಳನ್ನು ಅಪ್ಪಣೆಯಿಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು 1950ರ ಕಾನೂನು ನಿಷೇಧಿಸಿದೆ. ಶಿವಾಜಿ ಮಹಾರಾಜರ ಚಿತ್ರವೂ ಅದೇ ಪಟ್ಟಿಯಲ್ಲಿದೆ. ಆಯುಧದ ಅಂಗಡಿಯವರಿಗೆ ಆ ಆಸೆ ಹುಟ್ಟುವುದು ಸಹಜವಾದುದರಿಂದ ಹೇಳಿದೆವು. ದೇವರ ಪಟವಂತೂ ಒಳಗಿನ ಗೋಡೆಯ ಮೇಲಿರಲಿ, ಹರಿದು ಬಿಸಾಡುವ ಚೀಟಿಯ ಮೇಲೆ ಬೇಡ.

ಕೊಡಗಿನವರಲ್ಲಿ ಒಂದು ಚೆಲುವಾದ ಸಂಪ್ರದಾಯವುಂಟು. ಸೆಪ್ಟೆಂಬರಿನ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದ ದಿನ ಮನೆಯ ಕೋವಿಗಳನ್ನು ಶುಚಿಮಾಡಿ, ದೀಪದ ಬಳಿ ಇಟ್ಟು, ತೋಕ್ ಪೂವಿನಿಂದ ಅಲಂಕರಿಸುತ್ತಾರೆ. ತೋಕ್ ಪೂವೆಂದರೆ ಕೋವಿಯ ಹೂ. ನಮ್ಮ ಕಡೆ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಗೌರಿಹೂವೇ ಅದು. ಕೋವಿಯನ್ನು ಹೆದರಿಸುವ ವಸ್ತುವಾಗಿ ನೋಡದೆ ಜವಾಬ್ದಾರಿಯ ವಸ್ತುವಾಗಿ ನೋಡುವ ಮನಸ್ಸು ಆ ಹೂವಿನಲ್ಲಿದೆ. ಗುರುತಿಗೆ ಇದನ್ನೇ ಸೂಚಿಸೋಣವೆಂದು ಮೊದಲು ಎಣಿಸಿದ್ದೆವು. ಆದರೆ ಸುರುಳಿಸುರುಳಿಯಾದ ಆ ಆರು ದಳಗಳು ರಬ್ಬರು ಮೊಹರಿನಲ್ಲಿ ಮಸಿಯ ಮುದ್ದೆಯಾಗಿಬಿಡುತ್ತವೆ. ಮೇಲಾಗಿ, ಆ ಹಬ್ಬ ಕೊಡಗಿನದು, ಅಂಗಡಿ ತಿಪಟೂರಿನದು.

ತಿಪಟೂರಿನದೆಂದ ಮೇಲೆ ತೆಂಗಿನ ಮರವೇ ಏಕಾಗಬಾರದು? ಅಲ್ಲಿ ಯಾವ ಬೀದಿಯಲ್ಲಿ ನಿಂತರೂ ಕಲ್ಪತರುವಿನ ಹೆಸರೋ ಚಿತ್ರವೋ ಕಣ್ಣಿಗೆ ಬೀಳುವುದರಿಂದ. ಆದರೆ ಕೊಬ್ಬರಿಯ ಮಂಡಿಯವರಿಂದ ಒಂದು ಪಾಠ ಕಲಿಯಬಹುದು. ಚೀಲದ ಮೇಲೆ ಅವರು ಬಳಿಯುವ ಗುರುತು ಎರಡು ಗೆರೆ, ಒಂದು ಅಕ್ಷರ, ಒಂದು ಸುತ್ತು, ಇಷ್ಟೇ. ಓದುಬಾರದ ಹಮಾಲಿಯೂ ದೂರದಿಂದ ನೋಡಿ ಇದು ಇಂಥವರ ಮಾಲೆಂದು ಹೇಳಬಲ್ಲನು. ಅಷ್ಟು ಸರಳವಾದದ್ದು ಬೇಕು.

ನಮ್ಮ ಸೂಚನೆಯಿದು: ಜುಟ್ಟು ಕಿತ್ತ ತೆಂಗಿನಕಾಯಿಯ ಮುಖ. ಒಂದು ಸುತ್ತು, ಒಳಗೆ ಮೂರು ಕಣ್ಣು. ನೋಡಿ ಎಚ್ಚರದಿಂದ ಕೊಡುವವನೆಂಬ ಅರ್ಥವೂ ಅದರಲ್ಲಿ ತಾನಾಗಿ ಬರುವುದು. ಬರಿಯ ಮೂರು ಚುಕ್ಕೆಗಳನ್ನಿಟ್ಟರೆ ಮಾತ್ರ, ಕೋವಿಯ ಅಂಗಡಿಯಾದುದರಿಂದ, ಗುಂಡು ಹೊಡೆದ ತೂತುಗಳೆಂದು ಹುಡುಗರು ನಗುವರು! ಆದ್ದರಿಂದ ಚಿಪ್ಪಿನ ಮೂರು ಏಣುಗಳನ್ನು ಗೆರೆಗಳಾಗಿ ಎಳೆಯಿಸಬೇಕು. ಮೊಳಕೆ ಹೊರಡುವ ಮೆತ್ತನೆಯ ಕಣ್ಣನ್ನು ಬರಿದಾಗಿ ಬಿಟ್ಟು ಉಳಿದೆರಡನ್ನು ತುಂಬಿಸಬೇಕು. ಬಾಯಿಮಾತಿಗೂ ಸುಲಭ: 'ಮುಕ್ಕಣ್ಣಿನ ಅಂಗಡಿ'.

ಯಾವುದನ್ನೇ ಆರಿಸಿದರೂ ಮೊದಲು ಕಪ್ಪು ಮಸಿಯಲ್ಲಿಯೇ ಬರೆಯಿಸಿರಿ. ಬಣ್ಣವು ಕೆಟ್ಟ ಚಿತ್ರದ ಕೊರತೆಯನ್ನು ಮುಚ್ಚುತ್ತದೆ. ಅದನ್ನು ಒಂದು ರೂಪಾಯಿಯ ನಾಣ್ಯದಷ್ಟು ಚಿಕ್ಕದಾಗಿಸಿ ನೋಡಿರಿ, ರಸ್ತೆಯ ಆಚೆಯ ಬದಿಯಿಂದಲೂ ನೋಡಿರಿ. ಮನೆಯ ಮಗುವಿಗೆ ಒಮ್ಮೆ ತೋರಿಸಿ, ಮರುದಿನ ನೆನಪಿನಿಂದ ಬರೆಯಹೇಳಿರಿ. ಮಗುವು ಬರೆದರೆ ಗುರುತು ಗೆದ್ದಿತು. ತಮ್ಮ ಕೋವಿಗಳನ್ನು ಒದಗಿಸುವ ಕಾರಖಾನೆಯ ಮುದ್ರೆಯನ್ನು ತಮ್ಮದರೊಡನೆ ಬೆರೆಸಬೇಡಿರಿ. ಅದು ಅವರ ಸ್ವತ್ತು.

ರಿಜಿಸ್ಟ್ರಿಗೆ ಕರ್ನಾಟಕದವರು ಚೆನ್ನೈಯ ಕಚೇರಿಗೆ ಸೇರಿದವರು. ಆಯುಧಗಳನ್ನು ತಯಾರಿಸುವವರ ಮುದ್ರೆಗೆ 13ನೆಯ ವರ್ಗ, ಅಂಗಡಿಯಿಟ್ಟು ಮಾರುವವರಿಗೆ 35ನೆಯದು; ನಮ್ಮ ವಾಚಕರ ತಮ್ಮನು ಎರಡನೆಯವನೇ. 2017ರ ನಿಯಮಗಳಂತೆ ವ್ಯಕ್ತಿಗಳೂ ಸಣ್ಣ ಉದ್ಯಮದವರೂ ಗಣಕಯಂತ್ರದ ಮೂಲಕ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ದೊರೆತ ಹಕ್ಕು 10 ವರುಷವಿದ್ದು, ಮತ್ತೆ ನವೀಕರಿಸಿಕೊಳ್ಳಬಹುದು. ಅರ್ಜಿಗೆ ಮುನ್ನ ಇಂಥದೇ ಗುರುತನ್ನು ಬೇರೆ ಯಾರಾದರೂ ಪಡೆದಿದ್ದಾರೆಯೇ ಎಂದು ಕಚೇರಿಯ ಪಟ್ಟಿಯಲ್ಲಿ ಹುಡುಕಿಸತಕ್ಕದ್ದು. ಬೋರ್ಡು ಬರೆಯುವವನ ಬಣ್ಣದ ಡಬ್ಬಿಯು ಅಲ್ಲಿಯವರೆಗೆ ಮುಚ್ಚಿಯೇ ಇರಲಿ.